ರೈಲು ಹಳಿ ಪಕ್ಕ ಸಿಕ್ಕ ಜಪಾನ್

1877ರ ಜೂನ್. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ ಯೊಕೊಹಾಮಾದಿಂದ ಟೋಕಿಯೊಗೆ ರೈಲಿನಲ್ಲಿ ಹೊರಟಿದ್ದರು. ಓಮೊರಿ ಹತ್ತಿರ, ಹಳಿ ಹಾಕಲು ಕಡಿದಿದ್ದ ದಿಬ್ಬದಲ್ಲಿ ಚಿಪ್ಪುಗಳ ರಾಶಿ ಕಣ್ಣಿಗೆ ಬಿತ್ತು. ಸಾವಿರಾರು ವರ್ಷಗಳ ಹಿಂದಿನ ಜನ ತಿಂದು ಬಿಸಾಡಿದ್ದು ಅದು. ಅದೇ ವರ್ಷ ಅಲ್ಲಿ ಅಗೆದರು. ಸಿಕ್ಕ ಮಡಕೆ ಚೂರುಗಳ ಮೇಲೆ ಹಗ್ಗ ಒತ್ತಿದ ಗುರುತಿತ್ತು. ಜಪಾನಿನ ಆ ಪ್ರಾಚೀನ ಕಾಲಕ್ಕೆ 'ಜೋಮೊನ್', ಅಂದರೆ ಹಗ್ಗದ ಗುರುತು, ಎಂಬ ಹೆಸರು ಹುಟ್ಟಿದ್ದು ಇದರಿಂದಲೇ.

ಜಪಾನಿನ ಸಾಂಸ್ಕೃತಿಕ ಇಲಾಖೆ 1995ರಲ್ಲಿ ಒಂದು ಪ್ರದರ್ಶನ ಶುರುಮಾಡಿತು. ಹೆಸರು, ನಮ್ಮ ಮಾತಿನಲ್ಲಿ ಹೇಳುವುದಾದರೆ, 'ಅಗೆದು ತೆಗೆದ ಜಪಾನ್ ದ್ವೀಪಗಳು'. ದೇಶದ ಬೇರೆ ಬೇರೆ ಕಡೆ ಇತ್ತೀಚೆಗೆ ಸಿಕ್ಕ ವಸ್ತುಗಳು ಊರಿಂದೂರಿಗೆ, ಮ್ಯೂಸಿಯಂನಿಂದ ಮ್ಯೂಸಿಯಂಗೆ ಹೋಗುತ್ತವೆ. ಇಷ್ಟೊಂದು ಹೊಸ ಮಾಲು ಎಲ್ಲಿಂದ ಬರುತ್ತದೆ? ಜಾಸ್ತಿ ಪಾಲು ಬರುವುದು ವಿದ್ವಾಂಸರು ಹುಡುಕಿಕೊಂಡು ಹೋದ ಜಾಗದಿಂದಲ್ಲ. ರಸ್ತೆ, ಕಾರ್ಖಾನೆ, ಕಟ್ಟಡ ಬರಬೇಕಿದ್ದ ಜಾಗದಿಂದ.

ಇದರ ಹಿಂದೆ ಒಂದು ಕಾನೂನಿದೆ. 1949ರಲ್ಲಿ ಹೋರ್ಯುಜಿ ದೇವಾಲಯಕ್ಕೆ ಬೆಂಕಿ ಬಿದ್ದು ಹಳೆಯ ಗೋಡೆ ಚಿತ್ರಗಳು ಹಾಳಾದವು. ಮರುವರ್ಷವೇ ಸಾಂಸ್ಕೃತಿಕ ಆಸ್ತಿ ರಕ್ಷಣೆಯ ಕಾನೂನು ಬಂತು. ಈಗ ಹಳೆಯ ನೆಲೆ ಇದೆಯೆಂದು ಗೊತ್ತಿರುವ ಜಾಗದಲ್ಲಿ ಕಟ್ಟುವವರು 60 ದಿನ ಮೊದಲೇ ತಿಳಿಸಬೇಕು. ಅಗೆಯುವ ಖರ್ಚೂ ಸಾಮಾನ್ಯವಾಗಿ ಅವರದೇ. ಅಳೆದು, ಫೋಟೊ ತೆಗೆದು, ವಸ್ತು ಎತ್ತಿಟ್ಟ ಮೇಲೆ ಕೆಲಸ ಮುಂದುವರಿಯುತ್ತದೆ. ಅಂದರೆ ಗಾಜಿನ ಪೆಟ್ಟಿಗೆಯಲ್ಲಿರುವ ಮಡಕೆ ಉಳಿದಿದೆ, ಅದು ಸಿಕ್ಕ ನೆಲ ಎಷ್ಟೋ ಸಲ ಉಳಿದಿಲ್ಲ. ಪ್ರದರ್ಶನ ನೋಡುವಾಗ ಇದು ಸುಲಭವಾಗಿ ಮರೆತುಹೋಗುತ್ತದೆ, ಅಲ್ವಾ?

ನೆಲವೇ ಗೆದ್ದದ್ದೂ ಉಂಟು. ಆವೊಮೊರಿಯ ಸನ್ನೈ ಮರುಯಾಮಾದಲ್ಲಿ ಬೇಸ್‌ಬಾಲ್ ಮೈದಾನ ಆಗಬೇಕಿತ್ತು. 1992ರಲ್ಲಿ ಅಗೆತ ಶುರುವಾಯಿತು. 1994ರಲ್ಲಿ ಜೋಮೊನ್ ಕಾಲದ ಆರು ಗುಂಡಿಗಳು ಸಿಕ್ಕವು. ಒಂದೊಂದೂ ಸುಮಾರು 2 ಮೀಟರ್ ಅಗಲ, 2 ಮೀಟರ್ ಆಳ. ಒಳಗೆ ಸುಮಾರು 1 ಮೀಟರ್ ದಪ್ಪದ ಚೆಸ್ಟ್‌ನಟ್ ಮರದ ಕಂಬಗಳ ಬುಡ. ಗುಂಡಿಯಿಂದ ಗುಂಡಿಗೆ ಅಂತರ 4.2 ಮೀಟರ್, ಎಲ್ಲ ಕಡೆ ಒಂದೇ. ಅಳತೆ ಗೊತ್ತಿದ್ದವರ ಕೆಲಸ! ಮೈದಾನದ ಕೆಲಸ ನಿಂತಿತು.

2019ರಲ್ಲಿ ಟೋಕಿಯೊದ ತಕನಾವಾದಲ್ಲಿ ಸ್ಟೇಷನ್ ಕೆಲಸದ ನಡುವೆ ಒಂದು ಕಲ್ಲಿನ ಏರಿ ಕಾಣಿಸಿತು. 1872ರಲ್ಲಿ ಸಮುದ್ರದೊಳಗೆ ಕಟ್ಟಿ, ಮೇಲೆ ರೈಲು ಓಡಿಸಿದ್ದ ಏರಿ. ಸ್ವಲ್ಪ ಭಾಗ ಉಳಿಸಿಕೊಂಡರು, ಉಳಿದದ್ದನ್ನು ದಾಖಲಿಸಿ ಕಿತ್ತರು. ಮೋರ್ಸ್ ಕೂತಿದ್ದ ರೈಲು ಓಡುತ್ತಿದ್ದದ್ದು ಅದೇ ಮಾರ್ಗದಲ್ಲಿ.