ಸ್ಕ್ರೂ ಸುತ್ತ ಒಂದು ಕಪ್ಪು ಗೆರೆ

ಸಕಲೇಶಪುರ, ಮೂಡಿಗೆರೆ ಕಡೆ ಮೆಣಸು ಕೊಯ್ಲು ಬಂತೆಂದರೆ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಏಣಿ ಬೀಳುತ್ತದೆ. ಅಷ್ಟೆತ್ತರದಿಂದ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವವರೂ ಇದ್ದಾರೆ. ಕೆಲವರಿಗೆ ಟೈಟಾನಿಯಂ ಸ್ಕ್ರೂ, ರಾಡ್ ಹಾಕಿ ಕಳಿಸುತ್ತಾರೆ. ರಾಡ್ ಹಾಕಿಸಿದ ಮೇಲೆ ಇನ್ನೇನು ಭಯ ಅಂತ ಮನೆಯವರಿಗೆ ಧೈರ್ಯ. ಆದರೆ ಕೆಲವು ತಿಂಗಳು ಕಳೆದು ಎಕ್ಸ್‌ರೇ ತೆಗೆಸಿದಾಗ ಬೆಳ್ಳಗಿನ ಸ್ಕ್ರೂ ಸುತ್ತ ತೆಳ್ಳಗೆ ಒಂದು ಕಪ್ಪು ಗೆರೆ ಕಾಣಬಹುದು. ಅಲ್ಲಿದ್ದ ಮೂಳೆ ಕರಗಿದೆ ಅಂತ ಅರ್ಥ. ಗೆರೆ 1 ಮಿಲಿಮೀಟರ್ ದಾಟಿದರೆ ಸ್ಕ್ರೂ ಸಡಿಲವಾಗಿರಬಹುದು ಅಂತ ಡಾಕ್ಟರುಗಳ ಲೆಕ್ಕ.

ಲೋಹ ಹಾಗೇ ಇದ್ದು ಮೂಳೆ ಯಾಕೆ ಕರಗಬೇಕು? ಮಳೆಗಾಲದಲ್ಲಿ ನೆಟ್ಟ ಬೇಲಿ ಗೂಟವನ್ನು ದನ ದಿನಾ ಉಜ್ಜಿದರೆ ಗುಂಡಿ ಅಗಲವಾಗುತ್ತದಲ್ವಾ, ಸ್ಕ್ರೂಗೂ ಹಾಗೇ. ಒಂದೇ ವ್ಯತ್ಯಾಸ: ಮೂಳೆಗೆ ಜೀವ ಇದೆ. ಹಳೆಯದನ್ನು ಕರಗಿಸುವ ಜೀವಕೋಶಗಳು, ಹೊಸದನ್ನು ಕಟ್ಟುವ ಜೀವಕೋಶಗಳು ಅಲ್ಲಿ ಸದಾ ಕೆಲಸದಲ್ಲಿರುತ್ತವೆ. ಸ್ಕ್ರೂ ಅಲುಗದೆ ಕೂತರೆ ಮೂಳೆ ಅದಕ್ಕೆ ನೇರವಾಗಿ ಅಂಟಿ ಬೆಳೆಯುತ್ತದೆ. ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿಗೆ ಕೂರಿಸಿದ್ದ ಟೈಟಾನಿಯಂ ಉಪಕರಣವನ್ನು ಕೀಳಲು ಹೋದರೆ ಅದು ಬರಲೇ ಇಲ್ಲ, ಮೂಳೆ ಹಾಗೆ ಹಿಡಿದುಕೊಂಡಿತ್ತು. ಆದರೆ ಸುಮಾರು 150 ಮೈಕ್ರಾನ್, ಅಂದರೆ 0.15 ಮಿಲಿಮೀಟರ್‌ಗಿಂತ ಜಾಸ್ತಿ ಅಲುಗಾಡುತ್ತಿದ್ದರೆ ಮೂಳೆಯ ಬದಲು ಮೆತ್ತನೆಯ ನಾರು ಬೆಳೆಯುತ್ತದೆ. ಅದು ಬಂದಷ್ಟೂ ಅಲುಗಾಟ ಹೆಚ್ಚು, ಅಲುಗಿದಷ್ಟೂ ಮೂಳೆ ಕಡಿಮೆ. ಸಾಲಿನ ತುದಿಯ ಸ್ಕ್ರೂಗಳಿಗೆ, ಅದರಲ್ಲೂ ಬೆನ್ನಿನ ಬುಡದಲ್ಲಿರುವ ಸೇಕ್ರಂ ಮೂಳೆಗೆ ಹಾಕಿದವಕ್ಕೆ, ಈ ಕಾಟ ಹೆಚ್ಚು.

ಅಲುಗಾಟ ಒಂದೇ ಕಾರಣವಲ್ಲ. ನಮ್ಮ ಚರ್ಮದ ಮೇಲೆ ಸುಮ್ನೆ ಇರುವ ಕ್ಯೂಟಿಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಲೋಹದ ಮೇಲೆ ಪೊರೆ ಕಟ್ಟಿಕೊಂಡು ಕೂತುಬಿಡಬಹುದು. ಜ್ವರ ಇಲ್ಲ, ಕೀವೂ ಇಲ್ಲ. ಲ್ಯಾಬಿನಲ್ಲಿ ಬೆಳೆಸಿ ನೋಡಲೂ ಎರಡು ವಾರದವರೆಗೆ ಕಾಯಬೇಕಾಗುತ್ತದೆ, ಅವಸರ ಮಾಡಿದರೆ ರಿಪೋರ್ಟ್ ‘ಏನೂ ಇಲ್ಲ’ ಅಂತ ಬಂದುಬಿಡುತ್ತದೆ.

ಆಪರೇಷನ್‌ಗೆ ಮೊದಲು ‘ಸ್ಕ್ರೂ ಫಾರಿನ್‌ದಾ?’ ಅಂತ ವಿಚಾರಿಸುವವರು ಬಹಳ. ‘ನಮ್ಮಮ್ಮನ ಮೂಳೆ ಹೇಗಿದೆ?’ ಅಂತ ಕೇಳುವವರು ಕಡಿಮೆ. ನನಗೆ ಎರಡನೆಯದೇ ದೊಡ್ಡ ಪ್ರಶ್ನೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಟೊಳ್ಳಾಗುತ್ತಾ ಹೋಗುತ್ತದೆ. ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಅದು ಆಸ್ಟಿಯೊಪೊರೋಸಿಸ್. ಮೊದಲೇ ಗೊತ್ತಾದರೆ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಇಂಜೆಕ್ಷನ್ ಕೊಡಬಹುದು, ಸ್ಕ್ರೂ ಸುತ್ತ ಮೂಳೆ ಸಿಮೆಂಟ್ ತುಂಬಬಹುದು. ಬೀಡಿ ಸೇದುವವರು ಬಿಡಬೇಕು. ಅದು ಮೂಳೆ ಕೂಡುವುದನ್ನೇ ತಡೆಯುತ್ತದೆ.

ಇಷ್ಟಾಗಿ, ಕಪ್ಪು ಗೆರೆ ಕಂಡ ಕೂಡಲೇ ಮತ್ತೆ ಬೆನ್ನು ಕೊಯ್ಯಬೇಕಂತಿಲ್ಲ. ಮುರಿದದ್ದು ಕೂಡುವವರೆಗೆ, ಇಲ್ಲವೇ ಎರಡು ಮೂಳೆ ಬೆಸೆದು ಒಂದಾಗುವವರೆಗೆ ಹಿಡಿದಿಡುವುದಷ್ಟೇ ಸ್ಕ್ರೂ ಕೆಲಸ. ಸಿ.ಟಿ. ಸ್ಕ್ಯಾನಿನಲ್ಲಿ ಮೂಳೆ ಬೆಸೆದಿದ್ದು, ನೋವೂ ಇಲ್ಲದಿದ್ದರೆ ಸಾಮಾನ್ಯವಾಗಿ ಹಾಗೇ ಬಿಟ್ಟು ಗಮನಿಸುತ್ತಾರೆ. ಬೆಸೆಯದೆ, ಎದ್ದು ಕೂರುವಾಗ ನೋವು ಮರಳಿದ್ದರೆ ಸೋಂಕಿದೆಯಾ ಅಂತ ಮೊದಲು ಪರೀಕ್ಷೆ, ಆಮೇಲೆ ಹಳೆಯದನ್ನು ತೆಗೆದು ಅದಕ್ಕಿಂತ ದಪ್ಪನೆಯ ಸ್ಕ್ರೂ.