ಡೆಂಗಿ ಒಮ್ಮೆ ಬಂದು ಹೋದವರಿಗೆ ಲಸಿಕೆ ಬೇಕೇ?

ಓದುಗರ ಪ್ರಶ್ನೆ: ಕೋವಿಡ್‌ಗೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ಡೆಂಗಿಗೆ ಏಕೆ ಇನ್ನೂ ಬಂದಿಲ್ಲ? ನಮ್ಮ ಮನೆಯಲ್ಲಿ ಎಲ್ಲರಿಗೂ ಡೆಂಗಿ ಒಂದು ಸಲ ಬಂದು ಹೋಗಿದೆ. ಮುಂದೆ ಲಸಿಕೆ ಸಿಕ್ಕರೂ ನಮಗೆ ಬೇಕಾಗುತ್ತದೆಯೇ?

ಮುಂಗಾರು ಶುರುವಾದರೆ ಸಾಕು, ಈ ಪ್ರಶ್ನೆ ತಪ್ಪದೆ ಬರುತ್ತದೆ. ಅದೇ ಉತ್ತರ ಬರೆದು ಬರೆದು ಬೇಸರವಾಗಿರುವುದು ನಿಜ. ಆದರೂ ಬರೆಯಲೇಬೇಕು. ‘ಒಂದು ಸಲ ಬಂದು ಹೋಗಿದೆಯಲ್ಲ’ ಎಂಬ ಧೈರ್ಯದಲ್ಲಿ ಎರಡನೇ ಸಲದ ಜ್ವರಕ್ಕೆ ಕಷಾಯ ಕುಡಿದು ಮನೆಯಲ್ಲೇ ಮಲಗುವವರಿದ್ದಾರೆ. ಎಲ್ಲರಿಗಿಂತ ಮೊದಲು ಆಸ್ಪತ್ರೆಗೆ ಹೋಗಬೇಕಾದವರು ಅವರು.

ಮೊದಲು ಒಂದು ಚಿಕ್ಕ ತಿದ್ದುಪಡಿ. ಲೋಕದಲ್ಲಿ ಡೆಂಗಿ ಲಸಿಕೆಯೇ ಇಲ್ಲ ಎನ್ನುವುದು ತಪ್ಪು. ಸನೋಫಿ ಕಂಪನಿಯ ಡೆಂಗ್‌ವ್ಯಾಕ್ಸಿಯಾಗೆ 2015ರ ಡಿಸೆಂಬರ್‌ನಲ್ಲೇ ಮೆಕ್ಸಿಕೋ ಒಪ್ಪಿಗೆ ಕೊಟ್ಟಿತು. ಟಕೇಡಾ ಕಂಪನಿಯ ಕ್ಯೂಡೆಂಗಾ 2022ರಲ್ಲಿ ಇಂಡೋನೇಷ್ಯಾದಲ್ಲಿ ಒಪ್ಪಿಗೆ ಪಡೆಯಿತು. 2024ರಿಂದ ಬ್ರೆಜಿಲ್ ಅದನ್ನು ಸರ್ಕಾರದ ಖರ್ಚಿನಲ್ಲೇ ಹಾಕುತ್ತಿದೆ. ಬ್ರೆಜಿಲ್‌ನ ಬುಟಾಂಟಾನ್ ಸಂಸ್ಥೆ ಒಂದೇ ಡೋಸಿನ ಲಸಿಕೆಯನ್ನೂ ತಯಾರಿಸಿದೆ. ನಮ್ಮ ಮಕ್ಕಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಮಾತ್ರ ಡೆಂಗಿ ಲಸಿಕೆ ಸೇರಿಲ್ಲ. ತಡವೇಕೆ ಎಂಬುದಕ್ಕೆ ಉತ್ತರ ನಿಮ್ಮ ಪ್ರಶ್ನೆಯ ಎರಡನೇ ಅರ್ಧದಲ್ಲೇ ಇದೆ. ಹಾಗಾಗಿ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಸೀತಾಳೆ ಸಿಡುಬು ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಜನ ಡೆಂಗಿಗೂ ಅದೇ ಲೆಕ್ಕ ಹಾಕುತ್ತಾರೆ. ಆದರೆ ಡೆಂಗಿ ಎಂಬ ಒಂದು ಹೆಸರಿನಡಿ ನಾಲ್ಕು ವೈರಸ್‌ಗಳಿವೆ: ಡೆಂಗಿ 1, 2, 3, 4. ಒಂದನೇ ಬಗೆ ಬಂದು ಹೋದರೆ ಆ ಬಗೆಯಿಂದ ಹೆಚ್ಚುಕಡಿಮೆ ಜೀವನಪೂರ್ತಿ ರಕ್ಷಣೆ ಸಿಗುತ್ತದೆ. ಉಳಿದ ಮೂರರಿಂದ ಸಿಗುವುದು ತಾತ್ಕಾಲಿಕ ರಕ್ಷಣೆ ಅಷ್ಟೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ವಿಜ್ಞಾನಿ ಆಲ್ಬರ್ಟ್ ಸೇಬಿನ್ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲೇ ಇದು ಕಂಡಿತ್ತು. ಇನ್ನೊಂದು ಬಗೆಯ ವೈರಸ್ಸಿನಿಂದ ಪೂರ್ಣ ರಕ್ಷಣೆ ಉಳಿದದ್ದು ಎರಡು ಮೂರು ತಿಂಗಳು ಮಾತ್ರ.

‘ಮತ್ತೆ ಬಂದರೂ ಹಗುರವಾಗಿ ಬರುತ್ತದೆ’ ಎನ್ನುವುದು ಇದೇ ನಂಬಿಕೆಯ ಇನ್ನೊಂದು ರೂಪ, ಮತ್ತು ಹೆಚ್ಚು ಅಪಾಯಕಾರಿ ರೂಪ. ನಡೆಯುವುದು ಇದರ ತದ್ವಿರುದ್ಧ. ಮೊದಲ ಸಲ ಹುಟ್ಟಿದ ಪ್ರತಿಕಾಯಗಳು (ರೋಗಾಣುವಿಗೆ ಅಂಟಿ ತಡೆಯಲು ದೇಹ ತಯಾರಿಸುವ ಪ್ರೋಟೀನ್‌ಗಳು) ಎರಡನೇ ಬಗೆಯ ವೈರಸ್ಸಿಗೂ ಅಂಟುತ್ತವೆ, ಆದರೆ ಅದನ್ನು ಕೊಲ್ಲುವಷ್ಟು ಬಿಗಿಯಾಗಿ ಅಲ್ಲ. ಪ್ರತಿಕಾಯ ಅಂಟಿದ ಯಾವುದೇ ಕಣವನ್ನು ಒಳಗೆಳೆದುಕೊಳ್ಳುವುದು ಮೋನೋಸೈಟ್ ಎಂಬ ಬಿಳಿ ರಕ್ತಕಣಗಳ ಕೆಲಸ. ಡೆಂಗಿ ವೈರಸ್ ಬೆಳೆಯುವುದೂ ಅವುಗಳೊಳಗೇ. ಹೀಗೆ ತಡೆಯಬೇಕಾದ ಪ್ರತಿಕಾಯವೇ ವೈರಸ್ಸನ್ನು ಅದಕ್ಕೆ ಬೇಕಾದ ಜಾಗಕ್ಕೆ ತಲುಪಿಸುತ್ತದೆ. ವೈರಸ್ಸಿನ ಪ್ರಮಾಣ ಏರುತ್ತದೆ, ರಕ್ತನಾಳಗಳಿಂದ ದ್ರವ ಸೋರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಜನರ ಕಣ್ಣೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯ ಮೇಲೆ ನೆಟ್ಟಿರುತ್ತದೆ. ಜೀವ ತೆಗೆಯುವುದು ಹೆಚ್ಚಾಗಿ ಈ ಸೋರಿಕೆ.

ಇದಕ್ಕೆ ಪುರಾವೆ ಎಲ್ಲಿ ಎಂದು ಕೇಳುವವರಿಗೆ ಮೂರು ಊರುಗಳ ಲೆಕ್ಕ ಕೊಡುತ್ತೇನೆ.

1960ರ ದಶಕದಲ್ಲಿ ಬ್ಯಾಂಕಾಕ್‌ನಲ್ಲಿ ಸ್ಕಾಟ್ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ತೀವ್ರ ಡೆಂಗಿಯ ಮಕ್ಕಳಲ್ಲಿ ಎರಡು ಗುಂಪುಗಳನ್ನು ಗುರುತಿಸಿದರು. ಒಂದು, ಎರಡನೇ ಸಲ ಸೋಂಕು ತಗಲಿದ ಮಕ್ಕಳು. ಇನ್ನೊಂದು, ಮೊದಲ ಸಲವೇ ಸೋಂಕು ತಗಲಿದ, ವರ್ಷ ತುಂಬದ ಕೂಸುಗಳು. ಈ ಎರಡನೇ ಗುಂಪೇ ಗುಟ್ಟು ಬಿಟ್ಟುಕೊಟ್ಟದ್ದು. ಆ ಕೂಸುಗಳ ತಾಯಂದಿರಿಗೆ ಮೊದಲೇ ಡೆಂಗಿ ಆಗಿತ್ತು. ತಾಯಿಯಿಂದ ಬಂದ ಪ್ರತಿಕಾಯ ಮೊದಲ ಕೆಲವು ತಿಂಗಳು ಕೂಸನ್ನು ಕಾಯುತ್ತದೆ. ಅದು ಕರಗುತ್ತ ಬಂದು ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಅರೆಬರೆ ಉಳಿದಾಗ ಅದೇ ಅಪಾಯವಾಗುತ್ತದೆ.

ಕ್ಯೂಬಾದಲ್ಲಿ 1977ರಲ್ಲಿ ಡೆಂಗಿ 1 ಹಬ್ಬಿತು, ಹಗುರವಾಗಿಯೇ. 1981ರಲ್ಲಿ ಡೆಂಗಿ 2 ಬಂದಾಗ 158 ಜನ ಸತ್ತರು. ಅವರಲ್ಲಿ 101 ಮಕ್ಕಳು. ‘ನನಗೆ ಬಂದದ್ದು ಎಷ್ಟೋ ವರ್ಷದ ಹಿಂದೆ’ ಎನ್ನುವವರು ಮುಂದಿನದನ್ನು ಗಮನಿಸಬೇಕು. 1997ರಲ್ಲಿ ಸಾಂಟಿಯಾಗೋ ದೆ ಕ್ಯೂಬಾ ನಗರಕ್ಕೆ ಮತ್ತೆ ಡೆಂಗಿ 2 ಬಂತು. ಆಗ ತೀವ್ರವಾಗಿ ಮಲಗಿದವರು ವಯಸ್ಕರು. 20 ವರ್ಷದ ಹಿಂದೆ ಡೆಂಗಿ 1 ತಗಲಿದ್ದವರಲ್ಲಿ, 4 ವರ್ಷದ ಅಂತರದಲ್ಲಿ ಎರಡನೆಯದು ತಗಲಿದ್ದವರಿಗಿಂತಲೂ ಸಾವಿನ ಪ್ರಮಾಣ ಹೆಚ್ಚಿತ್ತು.

ಮೂರನೆಯದು ನಿಕರಾಗುವಾದ ಮನಾಗುವಾ. ಅಲ್ಲಿನ ಸಾವಿರಾರು ಮಕ್ಕಳ ರಕ್ತವನ್ನು ವರ್ಷ ವರ್ಷ ತೆಗೆದಿಟ್ಟು ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಪ್ರತಿಕಾಯ ಇಲ್ಲವೇ ಇಲ್ಲದವರಿಗೆ ಅಪಾಯ ಕಡಿಮೆ, ತುಂಬ ಇದ್ದವರಿಗೂ ಕಡಿಮೆ. ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವನ್ನು, 21ರಿಂದ 80 ಪಟ್ಟು ತೆಳುವಾಗಿಸುವವರೆಗಷ್ಟೇ ಪ್ರತಿಕಾಯ ಸಿಗುತ್ತಿದ್ದ ನಡುವಿನ ಗುಂಪಿಗೆ, ಏನೂ ಇಲ್ಲದವರಿಗೆ ಹೋಲಿಸಿದರೆ, ತೀವ್ರ ಡೆಂಗಿಯ ಅಪಾಯ 7 ಪಟ್ಟಿಗೂ ಹೆಚ್ಚು.

ಹೆದರಿಸುವುದು ಉದ್ದೇಶವಲ್ಲ. ಎರಡನೇ ಸೋಂಕು ತಗಲಿದ ಬಹುಪಾಲು ಜನ ಗುಣವಾಗುತ್ತಾರೆ. ಮೂರನೆಯ, ನಾಲ್ಕನೆಯ ಸಲ ತೀವ್ರವಾಗುವುದು ಅಪರೂಪ. ಆದರೆ ಮೊದಲನೆಯದನ್ನು ಅಭಯಪತ್ರ ಎಂದುಕೊಳ್ಳಬೇಡಿ.

ಈಗ ಲಸಿಕೆಗೆ ಬರೋಣ. ಅರೆಬರೆ ಪ್ರತಿಕಾಯವೇ ಅಪಾಯವೆಂದಾದರೆ, ಲಸಿಕೆ ನಾಲ್ಕೂ ಬಗೆಗೆ ಒಟ್ಟಿಗೆ, ಸಾಕಷ್ಟು ರಕ್ಷಣೆ ಕೊಡಲೇಬೇಕು. ಒಂದಕ್ಕೆ ಕೊಟ್ಟು ಮೂರಕ್ಕೆ ಅರ್ಧಂಬರ್ಧ ಬಿಟ್ಟರೆ ಅದು ಸೂಜಿಯ ಮೂಲಕ ಕೊಟ್ಟ ‘ಮೊದಲ ಸೋಂಕು’ ಆಗುತ್ತದೆ. ಕೋವಿಡ್ ಲಸಿಕೆಗೆ ಈ ತೊಡಕಿರಲಿಲ್ಲ. ಆ ಹೋಲಿಕೆಯನ್ನು ಇಲ್ಲಿಗೇ ಬಿಡಬಹುದು.

ನಾಲ್ಕು ಜೀವಂತ, ದುರ್ಬಲಗೊಳಿಸಿದ ವೈರಸ್‌ಗಳನ್ನು ಒಂದೇ ಸೀಸೆಯಲ್ಲಿ ಕೊಟ್ಟರೆ ನಾಲ್ಕೂ ಸಮನಾಗಿ ಬೆಳೆಯುವುದಿಲ್ಲ. ಒಂದು ಮುನ್ನುಗ್ಗುತ್ತದೆ, ಉಳಿದವು ಹಿಂದುಳಿಯುತ್ತವೆ. ಕ್ಯೂಡೆಂಗಾದ ಅಳತೆ ನೋಡಿ: ಒಂದು ಡೋಸಿನಲ್ಲಿ ಕನಿಷ್ಠ ಇರಬೇಕಾದದ್ದು ಡೆಂಗಿ 2 ಸುಮಾರು 500 ಘಟಕ, ಡೆಂಗಿ 1 ಸುಮಾರು 2,000, ಡೆಂಗಿ 3 ಸುಮಾರು 10,000, ಡೆಂಗಿ 4 ಸುಮಾರು 32,000. ಥಾಯ್ಲೆಂಡಿನ ಮಹಿಡೋಲ್ ವಿಶ್ವವಿದ್ಯಾಲಯದಲ್ಲಿ ಡೆಂಗಿ 2 ವೈರಸ್ಸನ್ನು ನಾಯಿಯ ಮೂತ್ರಪಿಂಡದ ಕೋಶಗಳಲ್ಲಿ 53 ಸಲ ದಾಟಿಸಿ ಪಳಗಿಸಿದ್ದರು. ಕ್ಯೂಡೆಂಗಾದ ನಾಲ್ಕಕ್ಕೂ ಅದೇ ಬೆನ್ನೆಲುಬು, ಉಳಿದ ಮೂರರ ಹೊರಕವಚವನ್ನು ಅದರ ಮೇಲೆಯೇ ಕೂರಿಸಿದ್ದಾರೆ. ಹೀಗಾಗಿ ಡೆಂಗಿ 2 ತನ್ನ ಮನೆಯಲ್ಲೇ ಇದೆ, ಕಡಿಮೆ ಹಾಕಿದರೂ ಚೆನ್ನಾಗಿ ಬೆಳೆಯುತ್ತದೆ. ಡೆಂಗಿ 4ನ್ನು 60 ಪಟ್ಟು ಹೆಚ್ಚು ಹಾಕಿಯೂ ಸಮತೋಲ ಪೂರ್ತಿ ದಕ್ಕಿಲ್ಲ. ಮೊದಲ ವರ್ಷದಲ್ಲಿ ಒಟ್ಟು ಪರಿಣಾಮ ಶೇ 80.2 ಬಂದರೂ, ಹಿಂದೆ ಡೆಂಗಿಯೇ ಆಗದ ಮಕ್ಕಳಲ್ಲಿ ಡೆಂಗಿ 3ರ ವಿರುದ್ಧ ರಕ್ಷಣೆ ಕಾಣಲಿಲ್ಲ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಸೋಂಕು ತೀವ್ರವಾಗಿರುವ ಪ್ರದೇಶಗಳ 6ರಿಂದ 16 ವರ್ಷದ ಮಕ್ಕಳಿಗೆ, ಮೂರು ತಿಂಗಳ ಅಂತರದ ಎರಡು ಡೋಸ್ ಎಂದು ಸೀಮಿತಗೊಳಿಸಿತು.

ಇನ್ನು ಪ್ರಯೋಗಾಲಯದ ತೊಂದರೆ. ರಕ್ಷಣೆ ಬಂದಿದೆಯೇ ಎಂದು ಅಳೆಯಲು ಸೀರಮ್ಮನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು, 10, 20, 40 ಪಟ್ಟು ಹೀಗೆ ತೆಳುವಾಗಿಸುತ್ತ ಹೋಗುತ್ತಾರೆ. ಪ್ರತಿಯೊಂದಕ್ಕೂ ಗೊತ್ತಾದ ಪ್ರಮಾಣದ ವೈರಸ್ ಬೆರೆಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ವೆರೋ ಎಂಬ ಕೋತಿಯ ಮೂತ್ರಪಿಂಡದ ಕೋಶಗಳ ಪದರದ ಮೇಲೆ ಹಾಕುತ್ತಾರೆ. ಕೆಲವು ದಿನದ ಮೇಲೆ ಬಣ್ಣ ಹಚ್ಚಿದರೆ ವೈರಸ್ ತಿಂದ ಜಾಗಗಳು ತೂತಿನಂತೆ ಕಾಣುತ್ತವೆ. ತೂತುಗಳನ್ನು ಅರ್ಧಕ್ಕಿಳಿಸುವ ಕೊನೆಯ ತೆಳುಪೇ ಆ ಸೀರಮ್ಮಿನ ಅಂಕ. ತೊಂದರೆ ಏನೆಂದರೆ, ಪ್ರತಿಕಾಯದ ಬಾಲವನ್ನು ಹಿಡಿಯುವ ಗ್ರಾಹಕ ವೆರೋ ಕೋಶಗಳಲ್ಲಿಲ್ಲ. ಅಂದರೆ ಮನುಷ್ಯನ ಮೋನೋಸೈಟ್‌ನಲ್ಲಿ ನಡೆಯುವ ಆ ಕೆಡುಕು ಈ ಪರೀಕ್ಷೆಗೆ ಕಾಣುವುದೇ ಇಲ್ಲ. ಅದನ್ನು ನೋಡಲು ಆ ಗ್ರಾಹಕ ಇರುವ, ಕೆ562ನಂಥ ಬೇರೆ ಕೋಶಗಳಲ್ಲಿ ಇನ್ನೊಂದು ಪರೀಕ್ಷೆ ಬೇಕು. ಪ್ರಾಣಿಗಳೂ ನೆರವಾಗುವುದಿಲ್ಲ: ಮಾಮೂಲಿ ಇಲಿಗೆ ಡೆಂಗಿ ಕಾಯಿಲೆ ಬರದು, ಕೋತಿಯ ರಕ್ತದಲ್ಲಿ ವೈರಸ್ ಸಿಕ್ಕರೂ ಅದು ಮನುಷ್ಯರಂತೆ ಮಲಗದು. ಕೊನೆಗೆ ಉಳಿಯುವುದು ಸಾವಿರಾರು ಜನರಿಗೆ ಕೊಟ್ಟು ಮೂರರಿಂದ ಐದು ವರ್ಷ ಕಾಯುವ ದಾರಿ. ಮೊದಲ ವರ್ಷದ ಫಲಿತಾಂಶವನ್ನು ನಂಬುವಂತಿಲ್ಲ, ಏಕೆಂದರೆ ಆಗ ಆ ತಾತ್ಕಾಲಿಕ ರಕ್ಷಣೆ, ಪೂರ್ತಿಯಲ್ಲದಿದ್ದರೂ, ಇನ್ನೂ ಉಳಿದಿರಬಹುದು.

ಆತುರಪಟ್ಟರೆ ಏನಾಗುತ್ತದೆ ಎಂಬುದನ್ನು ಫಿಲಿಪ್ಪೀನ್ಸ್ ಕಂಡಿದೆ. 2016ರ ಏಪ್ರಿಲ್‌ನಿಂದ ಅಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಹಾಕಿದರು. 2017ರ ನವೆಂಬರ್‌ನಲ್ಲಿ ಕಂಪನಿಯೇ ಹೇಳಿತು: ಮೊದಲು ಡೆಂಗಿ ಆಗದವರಿಗೆ ಈ ಲಸಿಕೆ ಹಾಕಿದರೆ ಮುಂದೆ ತೀವ್ರ ಡೆಂಗಿಯ ಸಾಧ್ಯತೆ ಹೆಚ್ಚುತ್ತದೆ. ಲೆಕ್ಕ ಹೀಗಿತ್ತು: ಮೊದಲು ಸೋಂಕಾಗದ 1,000 ಜನರಲ್ಲಿ ಐದು ವರ್ಷಗಳಲ್ಲಿ 5 ಜನ ಹೆಚ್ಚುವರಿಯಾಗಿ ಆಸ್ಪತ್ರೆ ಸೇರುತ್ತಾರೆ, ಮೊದಲೇ ಸೋಂಕಾದ 1,000 ಜನರಲ್ಲಿ 15 ಜನ ಆಸ್ಪತ್ರೆ ಸೇರುವುದು ತಪ್ಪುತ್ತದೆ. ಒಂದೇ ಲಸಿಕೆ ಒಬ್ಬರಿಗೆ ರಕ್ಷಣೆ, ಇನ್ನೊಬ್ಬರಿಗೆ ಅಪಾಯ. ಕಾರ್ಯಕ್ರಮ ನಿಂತಿತು. ಎಲ್ಲ ಲಸಿಕೆಗಳ ಮೇಲೂ ಜನರ ನಂಬಿಕೆ ಕುಸಿಯಿತು. 2019ರಲ್ಲಿ ಅಲ್ಲಿ ದಡಾರ ದೊಡ್ಡದಾಗಿ ಹಬ್ಬಿತು.

ಹಾಗಾದರೆ ನಿಮ್ಮ ಮನೆಯವರಿಗೆ ಲಸಿಕೆ ಬೇಕೇ? ಬೇಕು. ಒಮ್ಮೆ ಬಂದವರಿಗೇ ಈವರೆಗಿನ ಲಸಿಕೆಗಳು ಹೆಚ್ಚು ಚೆನ್ನಾಗಿ ಕೆಲಸ ಮಾಡಿವೆ. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದಕ್ಷಿಣ ಭಾರತದ 5ರಿಂದ 45 ವರ್ಷದವರಲ್ಲಿ ಶೇ 76.9 ಜನರ ರಕ್ತದಲ್ಲಿ ಡೆಂಗಿಯ ಗುರುತಿತ್ತು. ಬಹಳ ಜನರಿಗೆ ಅದು ಬಂದು ಹೋದದ್ದೇ ಗೊತ್ತಿಲ್ಲ. ಭಾರತದಲ್ಲಿ ಪನೇಸಿಯಾ ಬಯೋಟೆಕ್ ಕಂಪನಿ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ ಡೆಂಗಿಆಲ್ ಎಂಬ ಒಂದೇ ಡೋಸಿನ ಲಸಿಕೆಯ ಮೂರನೇ ಹಂತದ ಪರೀಕ್ಷೆಯನ್ನು 2024ರ ಆಗಸ್ಟ್‌ನಲ್ಲಿ ರೋಹ್ಟಕ್‌ನಲ್ಲಿ ಆರಂಭಿಸಿದವು. 19 ಕೇಂದ್ರಗಳಲ್ಲಿ 10,335 ವಯಸ್ಕರು, ಎರಡು ವರ್ಷದ ನಿಗಾ ಎಂಬುದು ಯೋಜನೆ. ಬುಟಾಂಟಾನ್ ಲಸಿಕೆಯೂ ಇದೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ರೂಪಿಸಿದ ತಳಿಗಳಿಂದಲೇ ಬಂದವು. ಬ್ರೆಜಿಲ್‌ನ ಪರೀಕ್ಷೆಯಲ್ಲಿ ಎರಡು ವರ್ಷಕ್ಕೆ ಶೇ 79.6 ಪರಿಣಾಮ ಕಂಡಿತ್ತು.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಮಕ್ಕಳಿಗೆ ಮೆದುಳು ಜ್ವರದ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಹಾಕಿಸಿರುತ್ತೀರಿ. ಅದೂ ಸೊಳ್ಳೆಯಿಂದ ಬರುವ, ಡೆಂಗಿಯ ಕುಟುಂಬದ್ದೇ ವೈರಸ್. ಅದಕ್ಕೆ ಲಸಿಕೆ ಸುಲಭವಾಗಿ ದಕ್ಕಿದ್ದೇಕೆಂದರೆ ಅಲ್ಲಿ ರಕ್ಷಣೆಯ ಲೆಕ್ಕದಲ್ಲಿ ಒಂದೇ ಬಗೆ. ಒಂದರ ವಿರುದ್ಧ ಗೆದ್ದರೆ ಸಾಕು. ನಮ್ಮ ದೇಶದ್ದೇ ಆದ ಜೆನ್‌ವ್ಯಾಕ್ ಲಸಿಕೆಯ ಮೂಲ ವೈರಸ್ ಸಿಕ್ಕಿದ್ದು 1981ರಲ್ಲಿ ಕೋಲಾರದ ಒಬ್ಬ ರೋಗಿಯಲ್ಲಿ. ಕೋಲಾರದ ಆ ತಳಿಯನ್ನು ವೆರೋ ಕೋಶಗಳಲ್ಲೇ ಬೆಳೆಸಿ, ನಿಷ್ಕ್ರಿಯಗೊಳಿಸಿ ಭಾರತ್ ಬಯೋಟೆಕ್ ಲಸಿಕೆ ಮಾಡಿತು. ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ ಇದು.

ಆದರೆ ಈ ಲಸಿಕೆ ಡೆಂಗಿಯನ್ನು ತಡೆಯುವುದಿಲ್ಲ. ಜೊತೆಗೆ, ಇದರಿಂದ ಹುಟ್ಟಿದ ಪ್ರತಿಕಾಯ ಡೆಂಗಿಯ ಐಜಿಜಿ ಪರೀಕ್ಷೆಯಲ್ಲಿ (ಹಳೆಯ ಸೋಂಕಿನ ಪ್ರತಿಕಾಯ ಹುಡುಕುವ ಪರೀಕ್ಷೆ) ಸುಳ್ಳು ‘ಪಾಸಿಟಿವ್’ ತೋರಿಸಬಹುದು. ಆದ್ದರಿಂದ ಹಿಂದೆ ಡೆಂಗಿ ಬಂದಿತ್ತೇ ಎಂದು ವೈದ್ಯರು ಕೇಳಿದಾಗ ಐಜಿಜಿ ಚೀಟಿಗಿಂತ, ಜ್ವರ ಬಂದ ಮೊದಲ ಐದು ದಿನದೊಳಗೆ ಮಾಡಿಸಿದ ಎನ್‌ಎಸ್1 ಅಥವಾ ಆರ್‌ಟಿ-ಪಿಸಿಆರ್ (ಎರಡೂ ವೈರಸ್ಸಿನ ಅಂಶವನ್ನೇ ನೇರವಾಗಿ ಹುಡುಕುವ ಪರೀಕ್ಷೆಗಳು) ವರದಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಂಥ ವರದಿ ಇದ್ದರೆ ಮಗುವಿನ ತಾಯಿ ಕಾರ್ಡಿನ ಜೊತೆಗೇ ಇಡಿ, ಮೇಲೆ ದಿನಾಂಕ ಬರೆದು.