ಎಂಗೊ, ನಾವು ಮತ್ತು ಕಾಣೆಯಾದ ‘ನಾನು’

ಕಾಸರಗೋಡಿನ ಬದಿಯಡ್ಕದ ಕಡೆಯ ಹವ್ಯಕರ ಮನೆಯಲ್ಲಿ ಬೆಳೆದ ಮಗುವಿಗೆ ‘ನಾವು’ ಒಂದಲ್ಲ, ಎರಡು. ಅಜ್ಜಿ ಮಡಿಸಿಟ್ಟ ಸೀರೆಯನ್ನು ಕೊಡವುತ್ತಾ ‘ಎಂಗೊ’ ಎಂದು ಮಾತು ತೆಗೆದರೆ, ಜಂಬರಕ್ಕೆ, ಅಂದರೆ ನೆಂಟರ ಮನೆಯ ಸಮಾರಂಭಕ್ಕೆ, ಹೊರಟಿರುವುದು ದೊಡ್ಡವರು ಮಾತ್ರ; ಮಗು ಮನೆಯಲ್ಲೇ ಇರಬೇಕು. ‘ನಾವು’ ಎಂದರೆ ಅಂಗಿ ಹುಡುಕಿಕೊಳ್ಳಬಹುದು. ಕೇಳುವವನನ್ನು ಹೊರಗಿಡುವ ನಾವು ಒಂದು, ಒಳಗೆ ಸೇರಿಸಿಕೊಳ್ಳುವ ನಾವು ಇನ್ನೊಂದು. ಅಕ್ಕಪಕ್ಕದ ತುಳುವಿನಲ್ಲಿ ‘ಎಂಕುಲು’ ಮತ್ತು ‘ನಮ’, ಮಲಯಾಳದಲ್ಲಿ ‘ಞಙ್ಙಳ್’ ಮತ್ತು ‘ನಮ್ಮಳ್’ ಇದೇ ಗೆರೆಯನ್ನು ಎಳೆಯುತ್ತವೆ. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಮಾತ್ರ ಈ ಗೆರೆ ಅಳಿಸಿಹೋಗಿದೆ. ‘ಡಿಸ್ಟೋಪಿಯ’ ಎಂಬ ಪದವನ್ನು ಪರಿಚಯಿಸಲು ಹೊರಟು ಅಜ್ಜಿಯ ಸೀರೆಯಿಂದ ಶುರು ಮಾಡಿದ್ದೇಕೆಂದರೆ, ಆ ಬಗೆಯ ಹಲವು ಕಾದಂಬರಿಗಳಲ್ಲಿ ಮೂಲ ಜಗಳ ಸರ್ವನಾಮದ್ದೇ.

ಪದದ ಹುಟ್ಟು ಹೀಗೆ. 1516ರಲ್ಲಿ ಇಂಗ್ಲೆಂಡಿನ ಲೇಖಕ ಥಾಮಸ್ ಮೋರ್ ತನ್ನ ಆದರ್ಶ ದ್ವೀಪಕ್ಕೆ ‘ಯುಟೋಪಿಯ’ ಎಂಬ ಹೆಸರನ್ನು ಗ್ರೀಕ್ ಪದಗಳಿಂದ ಕಟ್ಟಿದ. ‘ಎಲ್ಲೂ ಇಲ್ಲದ ಜಾಗ’ ಎಂದು ಅರ್ಥ. ಅದರ ಎದುರುಪದವೇ ಡಿಸ್ಟೋಪಿಯ, ‘ಕೆಟ್ಟ ಜಾಗ’. 1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಐರ್ಲೆಂಡಿನ ಚರ್ಚೆ ನಡೆದಾಗ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಎದುರಾಳಿಗಳನ್ನು ಹಂಗಿಸಲು ಅದನ್ನು ಬಳಸಿದ. ಕನ್ನಡದಲ್ಲಿ ‘ದುಃಸ್ವಪ್ನ ಲೋಕ’ ಎನ್ನಬಹುದು, ಆದರೆ ನನಗೆ ಒಪ್ಪಿಗೆಯಿಲ್ಲ. ಕೆಟ್ಟ ಕನಸು ಬಿದ್ದವನು ಬೆವತು ಏಳುತ್ತಾನೆ. ಈ ಲೋಕದವರು ಎಚ್ಚರವಾಗಿಯೇ ಇದ್ದಾರೆ, ಸುಖವಾಗಿದ್ದೇವೆ ಎಂದೂ ನಂಬಿದ್ದಾರೆ.

ರಷ್ಯಾದ ಯೆವ್ಗೆನಿ ಝಾಮ್ಯಾತಿನ್ 1920-21ರಲ್ಲಿ ಬರೆದ ಕಾದಂಬರಿಯ ಹೆಸರೇ ‘ನಾವು’. 1924ರಲ್ಲಿ ಅದು ಇಂಗ್ಲಿಷಿನಲ್ಲಿ ಬಂತು. ಅವನ ಸ್ವಂತ ನೆಲದಲ್ಲಿ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ಕಾದಂಬರಿಯ ಲೋಕದ ಪ್ರಜೆಗಳಿಗೆ ಹೆಸರಿಲ್ಲ, ಸಂಖ್ಯೆ ಇದೆ. ಮನೆಗಳ ಗೋಡೆ ಗಾಜಿನದು. ಡಿ-503 ಎಂಬ ಎಂಜಿನಿಯರ್ ದಿನಚರಿ ಬರೆಯಲು ಕೂರುತ್ತಾನೆ: ನಾನು ಯೋಚಿಸುವುದನ್ನು ಬರೆಯುತ್ತೇನೆ ಎಂದು ಆರಂಭಿಸಿ, ಕೂಡಲೇ ತಿದ್ದಿಕೊಂಡು, ಅಲ್ಲ, ನಾವು ಯೋಚಿಸುವುದನ್ನು ಎನ್ನುತ್ತಾನೆ. ಇಡೀ ಕಾದಂಬರಿ ಆ ತಿದ್ದುಪಡಿಯೊಳಗೆ ಅಡಗಿದೆ. ಪ್ರೀತಿಗೆ ಬಿದ್ದು ಕಂಗೆಟ್ಟು ವೈದ್ಯರ ಬಳಿ ಹೋದರೆ, ನಿನಗೆ ಆತ್ಮ ಹುಟ್ಟಿಕೊಂಡಿದೆ ಎಂಬ ರೋಗನಿರ್ಣಯ! ಅವನದೇ ಒಂದು ಹೋಲಿಕೆ ಇನ್ನೂ ಚುಚ್ಚುತ್ತದೆ: ಕಸ ಬಿದ್ದ ಕಣ್ಣು, ಕೀವು ತುಂಬಿದ ಬೆರಳು, ನೋಯುವ ಹಲ್ಲು ಮಾತ್ರ ತಾವಿದ್ದೇವೆ ಎಂದು ಸಾರುತ್ತವೆ, ಹಾಗಾದರೆ ‘ನಾನಿದ್ದೇನೆ’ ಎಂಬ ಅರಿವೂ ಒಂದು ಕಾಯಿಲೆಯೇ ತಾನೆ?

ಅಮೆರಿಕದ ಲೇಖಕಿ ಐನ್ ರ‍್ಯಾಂಡ್ 1938ರ ತನ್ನ ‘ಆಂಥೆಮ್’ ಎಂಬ ಕಿರುಕಾದಂಬರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದಳು. ಅಲ್ಲಿ ಒಂಟಿ ನಾಯಕನೂ ತನ್ನನ್ನು ‘ನಾವು’ ಎಂದೇ ಕರೆದುಕೊಳ್ಳುತ್ತಾನೆ. ನಿಷಿದ್ಧ ಪದ ‘ನಾನು’ ಅವನಿಗೆ ಸಿಗುವುದು ಹಳೆಯ ಪುಸ್ತಕಗಳಲ್ಲಿ. ಇದನ್ನು ಕನ್ನಡಿಸಿದರೆ ಮೊದಲ ಪುಟ ಮಠಾಧಿಪತಿಗಳ ಆಶೀರ್ವಚನದಂತೆ ಕೇಳಿಸೀತು! ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ‘ನಾನು’ ಕ್ರಿಯಾಪದದ ಬಾಲದಲ್ಲೇ ಕುಳಿತಿದೆ: ಬಂದೆ, ಕಂಡೆ, ಉಂಡೆ. ಮಲಯಾಳದ ‘ವನ್ನು’ ಎಂಬುದರಲ್ಲಿ ಬಂದವನು ನಾನೋ ಅವನೋ ತಿಳಿಯದು. ಕನ್ನಡದ ಸರ್ವಾಧಿಕಾರಿ ಸರ್ವನಾಮವನ್ನು ಕಿತ್ತರೆ ಸಾಲದು, ಪ್ರತಿ ವಾಕ್ಯದ ತುದಿಯನ್ನೂ ಕತ್ತರಿಸಬೇಕು. ರ‍್ಯಾಂಡಳ ಕೊನೆ ಮಾತ್ರ ನನಗೆ ರುಚಿಸಲಿಲ್ಲ. ‘ನಾವು’ ಎಂಬ ವಿಗ್ರಹವನ್ನು ಇಳಿಸಿ ಅದೇ ಪೀಠದಲ್ಲಿ ‘ನಾನು’ವನ್ನು ಕೂರಿಸುತ್ತಾಳೆ.

ಕನ್ನಡದ ಓದುಗನಿಗೆ ಇಲ್ಲಿ ಸಂಶಯ ಬರುವುದು ಸಹಜ. ‘ನಾನು ಹೋದರೆ ಹೋದೇನು’ ಎಂಬ ಕನಕದಾಸರ ಕಥೆ ಕೇಳಿ ಬೆಳೆದವರು ನಾವು. ‘ನಾನು’ ಹೋಗಬೇಕಾದದ್ದು, ಹುಡುಕಿ ತರಬೇಕಾದದ್ದಲ್ಲ. ಆದರೆ ಕನಕರ ‘ನಾನು’ವನ್ನು ಯಾರೂ ಕಸಿದಿರಲಿಲ್ಲ. ಕೈಯಲ್ಲಿದ್ದದ್ದನ್ನು ಬಿಡುವುದು ಬೇರೆ, ಹುಟ್ಟುವಾಗಲೇ ಜಪ್ತಿಯಾಗಿರುವುದು ಬೇರೆ.

ಹಾಗೆಂದು ಗುಂಪೆಲ್ಲ ಡಿಸ್ಟೋಪಿಯವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ‘ನಾವು ಕನ್ನಡಿಗರು’ ಎಂದಾಗಲೆಲ್ಲ ಅದು ನಿಜದಲ್ಲಿ ‘ಎಂಗೊ’: ದೊಡ್ಡ ನಾವು ಒಂದರ ಪಕ್ಕದಲ್ಲಿ ಸರಿದು ನಿಂತ ಸಣ್ಣ ನಾವು. ಆ ಸಣ್ಣದರೊಳಗೂ ‘ಆನು’ (ಹವ್ಯಕರ ಮಾತಿನ ‘ನಾನು’) ಎಂದು ಇನ್ನಷ್ಟು ಸರಿದು ನಿಲ್ಲಲು ಜಾಗ ಬೇಕು. ಭಾಷಾ ಸಭೆಗಳಲ್ಲಿ ಅದು ಎಲ್ಲ ಸಲ ಸಿಕ್ಕಿದೆ ಎಂದು ಹೇಳಲಾರೆ. ‘ಎಂಗೊ’ವೂ ಇಲ್ಲದ, ‘ಆನು’ವೂ ಇಲ್ಲದ, ಎಲ್ಲರನ್ನೂ ಒಳಗೆಳೆದು ಬಾಗಿಲು ಹಾಕಿಕೊಂಡ ಒಂದೇ ಒಂದು ‘ನಾವು’ ಉಳಿದ ಊರು ಡಿಸ್ಟೋಪಿಯ.

ಡಿ-503ನ ಕಥೆಯ ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿ ಅವನ ಕಲ್ಪನಾಶಕ್ತಿಯನ್ನು ತೆಗೆದುಹಾಕುತ್ತಾರೆ. ಅವನು ತನ್ನದೇ ದಿನಚರಿಯನ್ನು ತಿರುವಿ ನೋಡುತ್ತಾನೆ. ಇದನ್ನೆಲ್ಲ ಬರೆದವನು ನಾನೇ ಎಂದು ಅವನಿಗೆ ನಂಬಲಾಗುವುದಿಲ್ಲ. ಕೈಬರಹವೇನೋ ಅವನದೇ. ಸದ್ಯ, ಕೈಬರಹವಷ್ಟೇ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ.